ಪ್ಲೇಟಿನ ಮೇಲೆ ಹೆಸರಿಲ್ಲದ ಪೀಟರ್ ಕಾಕಾ

ಪಕ್ಕದ ಮನೆಯ ಪೀಟರ್ ಕಾಕಾನ ಬೆರಳುಗಳು ಸುಮ್ಮನಿದ್ದುದೇ ಕಡಿಮೆ. ನಳದ ಮುಂದೆ ನಿಂತರೆ ಕೊಡದ ಮೇಲೆ, ಮಾತಿಗೆ ನಿಂತರೆ ಬಾಗಿಲ ಚೌಕಟ್ಟಿನ ಮೇಲೆ ತಾಳ ಹಾಕುತ್ತಲೇ ಇರುತ್ತಿದ್ದರು. ಚಲೇಜಾವ್ ಚಳವಳಿಯ ದಿನಗಳು. ಹುಬ್ಬಳ್ಳಿ ಸ್ಟೇಷನ್ ಹಿಂದಿನ ನಮ್ಮ ಓಣಿಯಲ್ಲಿ ಕೆಲವರು ಆ ತಾಳವನ್ನೂ ಪೊಲೀಸರಿಗೆ ಕೊಡುವ ಗುಪ್ತ ಸಂಜ್ಞೆ ಎನ್ನುತ್ತಿದ್ದರು.

ಮೂಕಿ ಸಿನೆಮಾದ ಡೇರೆಗಳಲ್ಲಿ ಹೊಡೆದಾಟದ ದೃಶ್ಯಗಳಿಗೆ ಡ್ರಮ್ ಬಾರಿಸಿ ಕಾಕಾ ಬೆಳೆದಿದ್ದರು. ಮಾತಿನ ಸಿನೆಮಾ ಬಂದು ಆ ಕೆಲಸ ಹೋಯಿತು. ಆಮೇಲೆ ರೈಲ್ವೆ ಸಾಹೇಬರ ಕ್ಲಬ್ಬಿನಲ್ಲಿ ಜಾಝ್ ಬಾರಿಸಿದರು. ಆಗಾಗ ಗ್ರಾಮಫೋನ್ ಪ್ಲೇಟುಗಳಿಗೆ ನುಡಿಸಲು ಮುಂಬಯಿಗೆ ಹೋಗುತ್ತಿದ್ದರು.

"ಪ್ಲೇಟಿನ ಮ್ಯಾಲೆ ನಿಮ್ಮ ಹೆಸರ ಇಲ್ಲಲ್ರಿ ಕಾಕಾ" ಎಂದು ಒಮ್ಮೆ ಕೆಣಕಿದೆ.

"ಹಾಡೋರ ಹೆಸರು ಹಾಕತಾರವಾ. ಆದರ ನಾ ತಪ್ಪಿದೆ ಅಂದ್ರ ಕುಣಿಯೋರ ಕಾಲೆಲ್ಲಾ ಮುಗ್ಗರಸ್ತಾವ."

ನನ್ನ ಗಂಡನಿಗೆ ಈ ಮುಂಬಯಿ ಓಡಾಟ ಸರಿಕಾಣಲಿಲ್ಲ. "ಸಾಹೇಬರ ಮನಶಾ ಅಂವಾ. ಹುಷಾರಿರು" ಎನ್ನುತ್ತಿದ್ದರು.

ಆಗಲೇ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ತಲೆಮರೆಸಿಕೊಂಡಿದ್ದ ನನ್ನ ತಮ್ಮ ವಸಂತ ನಮ್ಮ ಅಟ್ಟದಲ್ಲಿ ಬಂದು ಅಡಗಿದ. ಒಂದು ಮಧ್ಯಾಹ್ನ ಅವನು ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದಾಗ ಕಾಕಾ ಗೋಡೆಯಾಚೆಯಿಂದ ಅವನನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಅವನನ್ನು ಒಳಗೆ ಕರೆದೆ. ಮರುದಿನ ಬೆಳಿಗ್ಗೆ ಊರು ಬಿಡಲು ರೈಲು ಹತ್ತಹೋದ ವಸಂತ ಸ್ಟೇಷನ್ನಿನಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದ.

ಸಂಜೆ ಕಾಕಾ ಬಾಗಿಲಿಗೆ ಬಂದರು. "ತಮ್ಮ ಸುಖರೂಪ ಮುಟ್ಟಿದನೇನವಾ?"

"ನೀವ ಹಿಡಿಸಿ, ನೀವ ಕೇಳಾಕ ಬಂದೀರೇನ್ರಿ?"

ಅವರ ಮುಖ ಬಿಳಿಚಿತು. "ನಾ ಅಂಥಾ ಕೆಲಸ ಮಾಡಿಲ್ಲ, ತಂಗಿ" ಎಂದರು. ನಾನು ಬಾಗಿಲು ಹಾಕಿಕೊಂಡೆ. ಅವರೇ ಹಿಡಿಸಿದ್ದೆಂದು ಓಣಿಗೆಲ್ಲ ಹೇಳಿದೆ. ನಳದ ಬಳಿ ಅವರೊಡನೆ ಮಾತಾಡುವವರೇ ಇಲ್ಲವಾದರು. ತಿಂಗಳೊಳಗೆ ಡ್ರಮ್ಮನ್ನು ಟಾಂಗಾದಲ್ಲಿ ಹೇರಿಕೊಂಡು ಕಾಕಾ ಮುಂಬಯಿಗೆ ಹೊರಟರು. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ವಸಂತ ಬಿಡುಗಡೆಯಾಗಿ ಬಂದ ದಿನ ಊಟಕ್ಕೆ ಕೂತಾಗ ಕಾಕಾನ ವಿಷಯ ತೆಗೆದೆ. ಅವನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ.

"ನನ್ನ ತೋರಿಸಿಕೊಟ್ಟಾವ ನನ್ನ ಜೋಡಿ ಸಾಲಿ ಕಲತಾವ, ಅಕ್ಕಾ. ಪೊಲೀಸರ ಬಾಜೂಕ ನಿಂತು ನನ್ನ ಕಡೆ ಬಟ್ಟು ಮಾಡಿದ. ಆ ಕಾಕಾ ಹಿಂದಿನ ಸಂಜಿ ತನ್ನ ಬ್ಯಾಂಡಿನ ಕೋಟು, ಟೊಪಗಿ ಗೋಡಿ ಮ್ಯಾಲಿಂದ ಕೊಟ್ಟು, 'ಇದನ್ನ ಹಾಕ್ಕೊಂಡು ಹೋಗಪಾ, ಯಾರೂ ತಡಿಯೂದಿಲ್ಲ' ಅಂದಿದ್ದ. ಸಾಹೇಬರ ಅರಿವಿ ಯಾಕ ಹಾಕ್ಕೋಬೇಕು ಅಂತ ನಾನ ಅಟ್ಟದಾಗ ಬಿಟ್ಟು ಹೋದೆ."

ಅಟ್ಟ ಹತ್ತಿದೆ. ಗೋಣಿಚೀಲಗಳ ಹಿಂದೆ ಕೋಟು, ಟೊಪ್ಪಿಗೆ ಇದ್ದವು, ಕೋಟಿನ ಒಂದು ತೋಳನ್ನು ಇಲಿ ಕಡಿದಿತ್ತು.

ಮರುದಿನ ಗಂಡನನ್ನು ಕರೆದುಕೊಂಡು ಹೋಗಿ ಕ್ಲಬ್ಬಿನ ಬ್ಯಾಂಡಿನವರನ್ನು ಕಾಕಾನ ವಿಳಾಸ ಕೇಳಿದೆ. ಮುಂಬಯಿಯಲ್ಲಿದ್ದಾನೆ ಎಂದರು. ಮುಂಬಯಿಯಲ್ಲಿ ಎಲ್ಲಿ ಎಂದು ಒಬ್ಬರಿಗೂ ಗೊತ್ತಿರಲಿಲ್ಲ.