ಸಿಡಿ ಪ್ಲೇಯರನ್ನು ಸುಟ್ಟದ್ದು ವಿಭೂತಿಯಲ್ಲ

ಸುಟ್ಟವನು ನಾನು. ಅಮರಕ್ಕ ಹಚ್ಚಿದ ವಿಭೂತಿಯಲ್ಲ, ಅವಳ ಕೈಯಲ್ಲ, ಅವಳ ನಸೀಬೂ ಅಲ್ಲ. ನಾನು — ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಶರಣಪ್ಪ — ಕೈಯಾರೆ ಆ ಸಿಡಿ ಪ್ಲೇಯರಿನ ಪ್ಲಗ್ಗನ್ನು ಚುಚ್ಚಬಾರದ ಕಡೆ ಚುಚ್ಚಿ ಸುಟ್ಟೆ. ಸುಟ್ಟು, ಹತ್ತು ಜನರ ಮುಂದೆ ಒಡಹುಟ್ಟಿದ ಅಕ್ಕನ ಮೇಲೆ ಹಾಕಿದೆ. ಇಷ್ಟನ್ನು ಹೇಳಲು ಇಪ್ಪತ್ತು ವರ್ಷದ ಮೇಲಾಯಿತು ನನಗೆ. ಥೂ, ಎಂಥ ಬಾಳು!

ಒಂದು ಹಾಡಿನ ಡಬ್ಬಿ ತಾನೆ, ಅದಕ್ಕೇಕೆ ಇಷ್ಟು ದೊಡ್ಡ ಮಾತು ಎಂದು ನೀವು ನಗಬಹುದು. ನಮ್ಮ ಮನೆಯವರೂ ನಗುತ್ತಾರೆ. ಪ್ರತಿ ದಸರಾಕ್ಕೆ ಯಾರಾದರೊಬ್ಬರು ಆ ಮಾತು ತೆಗೆದೇ ತೆಗೆಯುತ್ತಾರೆ — "ನಮ್ಮ ಅಮರಮ್ಮ ಸಿಡಿಗೆ ವಿಭೂತಿ ಹಚ್ಚಿ ಸೀದಾ ಕೈಲಾಸಕ್ಕ ಕಳಿಸಿಬಿಟ್ಲು ನೋಡ್ರಿ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತಿದ್ದೆ. ಹಾಗೆ ನಕ್ಕು ಮನೆಯ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದೆ — ಯಾರ ಮೇಲೂ ತೀರಿಸಿಕೊಳ್ಳಲಾಗದ ಸಿಟ್ಟು ಅದು, ನನ್ನ ಮೇಲಿನದೇ.

ಹಾಡಿನ ಹುಚ್ಚು ನನಗೆ ಮೊದಲಿನಿಂದಲೂ ಇತ್ತು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಕೂಡಿಹಾಕಲು ಶುರು ಮಾಡಿದವನು, ಇನ್ನೂರರ ಮೇಲೆ ಮಾಡಿಕೊಂಡಿದ್ದೆ. ಆದರೆ ನಮ್ಮೂರ ಬಿಸಿಲು ಕ್ಯಾಸೆಟ್ಟಿನ ವೈರಿ. ಬೇಸಿಗೆಯಲ್ಲಿ ಟೇಪು ಮೆತ್ತಗಾಗಿ ಸಿಕ್ಕುಬೀಳುತ್ತಿತ್ತು, ಪೆನ್ಸಿಲು ಹಾಕಿ ತಿರುವಿ ತಿರುವಿ ಬೆರಳು ಸವೆಯುತ್ತಿದ್ದವು. ಅಂಗಡಿಗೆ ಬಟ್ಟೆ ಖರೀದಿಸಲು ಹೈದರಾಬಾದಿಗೆ ಹೋದಾಗ ಒಂದು ಅಂಗಡಿಯಲ್ಲಿ ಮೊದಲ ಸಲ ಸಿಡಿ ಕೇಳಿದೆ. ಎರಡು ಹಾಡುಗಳ ನಡುವೆ ಸುಂಯ್ ಎನ್ನುವ ಸದ್ದಿಲ್ಲ! ಆ ಖಾಲಿ ಜಾಗವೇ ನನ್ನನ್ನು ಹಾಳು ಮಾಡಿತು. ಅವತ್ತಿನಿಂದ, ಪ್ಲೇಯರು ಕೊಳ್ಳುವ ಮೊದಲೇ, ಸಿಡಿ ಕೊಳ್ಳಲು ಶುರು ಮಾಡಿದೆ.

"ಕುದುರಿ ಇಲ್ಲ, ಲಗಾಮು ತರಾಕತ್ತಾರ," ಎಂದು ಹೆಂಡತಿ ಗಿರಿಜಾ ನೆರೆಮನೆಯವರಿಗೆ ಹೇಳಿಕೊಂಡು ನಗುತ್ತಿದ್ದಳು.

ಪ್ಲೇಯರು ಆರಿಸುವುದಕ್ಕೆ ಎಂಟು ತಿಂಗಳು ತೆಗೆದುಕೊಂಡೆ. ಸಿಂಧನೂರಿನ ಅಂಗಡಿಗಳಲ್ಲಿ ಇದ್ದವು — ರೇಡಿಯೋ, ಟೇಪು, ಸಿಡಿ ಎಲ್ಲ ಒಂದರಲ್ಲೇ, ಮುಂದೆ ಬಣ್ಣಬಣ್ಣದ ದೀಪ ಕುಣಿಯುವಂಥವು. ನನಗೆ ಅವನ್ನು ಕಂಡರೆ ಮೈ ಉರಿಯುತ್ತಿತ್ತು. ಎಲ್ಲ ಮಾಡುವ ಯಂತ್ರ ಒಂದನ್ನೂ ನೆಟ್ಟಗೆ ಮಾಡುವುದಿಲ್ಲ ಎಂಬ ಹಟ. ಕೊನೆಗೆ ಲಿಂಗಸುಗೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಹುಸೇನಸಾಬರ ಬಳಿ ಸಿಕ್ಕಿತು. ಅವರ ಅಳಿಯ ಸೌದಿಯಿಂದ ತಂದದ್ದು, ಕಪ್ಪಗೆ, ಚಪ್ಪಟೆಯಾಗಿ, ಸಿಡಿಯನ್ನು ತಟ್ಟೆಯಲ್ಲಿ ಇಟ್ಟುಕೊಂಡು ಮೆತ್ತಗೆ ಒಳಗೆ ಎಳೆದುಕೊಳ್ಳುವಂಥದ್ದು. ನಾನು ಮೇಜು ಕುಟ್ಟಿ ನೋಡಿದೆ, ಹಾಡು ಹಾರಲಿಲ್ಲ. ಸಣ್ಣ ದನಿಯ ಆಲಾಪ ಹಾಕಿ ಕಿವಿ ಹಚ್ಚಿ ಕೇಳಿದೆ. ಗೀರು ಬಿದ್ದ ಒಂದು ಸಿಡಿ ಬೇಕೆಂದೇ ಒಯ್ದಿದ್ದೆ, ಅದನ್ನೂ ಓದಿತು.

"ಒಂದ್ ಮಾತು ಕಿವ್ಯಾಗ ಇಟ್ಗೋರಿ ಸಾವ್ಕಾರ್ರ," ಎಂದರು ಹುಸೇನಸಾಬರು, ಇಟ್ಟಿಗೆಯಷ್ಟು ಭಾರದ ಒಂದು ಕಬ್ಬಿಣದ ಡಬ್ಬಿ ಮುಂದಿಟ್ಟು. "ಇದು ನೂರಾ ಹತ್ತು ವೋಲ್ಟಿನ ಮಾಲು. ನಮ್ಮ ಕರೆಂಟು ಎರಡರಷ್ಟು. ಈ ಡಬ್ಬಿ ಕರೆಂಟನ್ನ ಅರ್ಧಾ ಇಳಸ್ತೈತಿ. ಡಬ್ಬಿ ಬಿಟ್ಟು ಸೀದಾ ಗ್ವಾಡಿಗೆ ಚುಚ್ಚಿದ್ರೋ — ಖತಂ."

ಹೂಂ ಅಂದೆ. ತಲೆ ಅಲ್ಲಾಡಿಸಿದೆ.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಅಮರಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮುದಗಲ್ಲಿಗೆ ಕೊಟ್ಟಿದ್ದರು. ಒಂದು ಗಂಡು ಕೂಸು ಆರು ತಿಂಗಳಿಗೇ ಹೋಯಿತು, ಮುಂದೆ ಗಂಡನೂ ಹೋದ. ಒಬ್ಬಳೇ ಮಗಳು ಶಾಂತಾ, ಅವಳನ್ನು ಮಸ್ಕಿಗೆ ಕೊಟ್ಟಿತ್ತು. ಅಕ್ಕ ಅತ್ತೆಮನೆಯಲ್ಲಿ ಇರಲಾರದಾದಾಗ ನಾನೇ ಹೋಗಿ ಕರೆತಂದೆ. ಬಸ್ಸಿನಲ್ಲಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದ್ದು — "ನನ್ನ ಕೈಗುಣ ಸರಿ ಇಲ್ಲ ಅಂತಾರೋ ತಮ್ಮಾ. ನಾ ಮುಟ್ಟಿದ್ದು ಉಳಿಯಂಗಿಲ್ಲಂತ. ಉಪ್ಪಿನಕಾಯಿ ಭರಣಿನೂ ಮುಟ್ಟಿಸ್ಲಿಲ್ಲ." ನಾನು ಕೆಂಡಾಮಂಡಲವಾಗಿದ್ದೆ. "ನನ್ನ ಮನ್ಯಾಗ ಹಬ್ಬದ ಪೂಜಿ ನೀನ ಮಾಡಬೇಕು, ಯಾರ್ ಏನಂತಾರ ನೋಡ್ತೀನಿ," ಎಂದಿದ್ದೆ. ಅಂದಂತೆ ಮೂರು ವರ್ಷ ಅವಳೇ ಮಾಡಿದಳು. ಆ ಮೂರು ವರ್ಷ ಅವಳು ನಮ್ಮ ಮನೆಯಲ್ಲಿ ತಲೆ ಎತ್ತಿಕೊಂಡು ಓಡಾಡಿದಳು. ಆ ಮಾತನ್ನು ಕೊಟ್ಟವನೂ ನಾನೇ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಿ.

ಮುದಗಲ್ಲಿನ ಮುದುಕಿಯರಿಂದ ಕಲಿತ ಹತ್ತಿಪ್ಪತ್ತು ತತ್ವಪದ ಅವಳ ಬಾಯಲ್ಲಿದ್ದವು. ಕಸ ಹೊಡೆಯುವಾಗ, ಅಕ್ಕಿ ಆರಿಸುವಾಗ ಹಾಡುತ್ತಿದ್ದಳು. ಬೇರೆ ಎಲ್ಲೂ ನಾನು ಕೇಳಿರದ ಪದಗಳು. ಹೈದರಾಬಾದಿನಲ್ಲಿ ಕ್ಯಾಸೆಟ್ಟು ಕೊಟ್ಟರೆ ಕಂಪ್ಯೂಟರಿನಲ್ಲಿ ಹಾಕಿ ಸಿಡಿ ಮಾಡಿಕೊಡುವ ಒಬ್ಬನ ಪರಿಚಯವಾಗಿತ್ತು. "ಅಕ್ಕಾ, ದಸರಾ ಮುಗೀಲಿ, ನಿನ್ನ ಪದಾನೂ ಈ ತಾಟಿನ್ಯಾಗ ಹಾಕಿಸ್ತೀನಿ," ಎಂದೆ. ಅವಳು ನಾಚಿ, "ಹೋಗೋ ಹುಚ್ಚಾ," ಎಂದಳು. ಆದರೆ ಅವತ್ತಿನಿಂದ ಆ ಯಂತ್ರದ ಮೇಲೆ ಧೂಳು ಕೂಡದಂತೆ ನೋಡಿಕೊಂಡವಳು ಅವಳೇ.

ಮನೆಯಲ್ಲಿ ನನ್ನ ಕಾನೂನು ಜೋರಾಗಿತ್ತು. ಸಿಡಿಯನ್ನು ಅಂಚಿನಲ್ಲಿ ಹಿಡಿಯಬೇಕು. ಒರೆಸುವುದಾದರೆ ನಡುವಿನಿಂದ ಹೊರಕ್ಕೆ, ಗುಂಡಗೆ ತಿರುವಬಾರದು. ಮೂವತ್ತೊಂದು ಸಿಡಿಗೂ ನಂಬರು, ನಂಬರು ಬರೆದ ನೋಟ್‌ಬುಕ್ಕು, ಯಾವ ಹಾಡು ಎಷ್ಟನೆಯದು ಎಂಬ ಯಾದಿ. ತೆಗೆದದ್ದನ್ನು ಅಲ್ಲೇ ಇಡದಿದ್ದರೆ ಮನೆ ತಲೆಯ ಮೇಲೆ ಎತ್ತಿಕೊಳ್ಳುತ್ತಿದ್ದೆ.

"ಕೂಸಿನ ಮೂಗು ಒರಸಾಕ ಬರಂಗಿಲ್ಲ, ಸಿಡಿ ಒರಸೋದು ನೋಡ್ರಿ ಇವರು!" — ಗಿರಿಜಾ.

ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದನ್ನು ಮರೆತಿದ್ದೆ. ನಮ್ಮೂರ ರೈಸ್ ಮಿಲ್ಲುಗಳು! ಮಿಲ್ಲುಗಳೆಲ್ಲ ಒಮ್ಮೆಗೇ ಶುರುವಾದರೆ ಮನೆಯ ಬಲ್ಬು ಕೆಂಪಗೆ ಕೆಂಡದಂತಾಗುತ್ತಿತ್ತು, ಫ್ಯಾನಿನ ರೆಕ್ಕೆ ಎಣಿಸಬಹುದಿತ್ತು. ಬರುವ ಕರೆಂಟೇ ಅರ್ಧ, ಅದನ್ನು ಹುಸೇನಸಾಬರ ಡಬ್ಬಿ ಮತ್ತೆ ಅರ್ಧ ಮಾಡಿದರೆ ಪ್ಲೇಯರಿಗೆ ಉಳಿಯುವುದೇನು? ಸಿಡಿ ಎರಡು ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಹದಿನೈದು ದಿನ ತಲೆ ಚಚ್ಚಿಕೊಂಡೆ. ಎಂಟು ತಿಂಗಳು ಆರಿಸಿ ತಂದದ್ದು ಮನೆಯಲ್ಲಿ ಮೂಕ! ಆಮೇಲೆ ನನಗೊಂದು ಜಾಣತನ ಹೊಳೆಯಿತು. ಕರೆಂಟು ಹೇಗೂ ಅರ್ಧಕ್ಕಿಳಿದಿದೆ, ಡಬ್ಬಿ ಯಾಕೆ ಬೇಕು? ಒಂದು ತುಂಡು ವೈರಿಗೆ ನಮ್ಮ ಕಡೆಯ ಪ್ಲಗ್ಗು ಕಟ್ಟಿ, ಪ್ಲೇಯರನ್ನು ಸೀದಾ ಗೋಡೆಗೆ ಹಚ್ಚಿದೆ. ಹಾಡಿತು! ಗಂಟಲು ಬಿಟ್ಟು ಹಾಡಿತು. ಹತ್ತು ದಿನ ಹಾಗೆಯೇ ಕೇಳಿದೆ, ಯಾರಿಗೂ ಹೇಳಲಿಲ್ಲ. ಮೇಲಿನ ಮುಚ್ಚಳ ಬಿಸಿಯಾಗುತ್ತಿತ್ತು — ಗೊತ್ತಿತ್ತು, ಆದರೂ —

ದಸರಾದ ಖಂಡೇ ಪೂಜೆಯ ದಿನ ಬಂತು. ತಕ್ಕಡಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದುಡಿಯುವ ವಸ್ತುವಿಗೆಲ್ಲ ಪೂಜೆ. ಅಕ್ಕ ಅಂಗಡಿಯ ಗಜಕಡ್ಡಿ, ಕತ್ತರಿ, ಹೊಲಿಗೆ ಮಷೀನು, ಮಿಕ್ಸರು, ನನ್ನ ಸ್ಕೂಟರು, ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಬಂದಳು. ಕೊನೆಗೆ ಸಿಡಿ ಪ್ಲೇಯರಿಗೆ. ಮುಚ್ಚಳದ ಮೇಲೆ ವಿಭೂತಿ, ನಡುವೆ ಕುಂಕುಮ, ಒಂದು ಚೆಂಡುಹೂವು.

"ಅಕ್ಕಾ, ಒಳಗ ಪುಡಿ ಬಿದ್ದೀತು!"

"ಮ್ಯಾಲಷ್ಟ ಹಚ್ಚೀನಪ್ಪಾ. ನಾಳೆ ನನ್ನ ಪದ ಹಾಡೋದಲ್ಲ ಇದು!" ಎಂದಳು, ಮುಖ ತುಂಬ ನಗುತ್ತ.

ಮಧ್ಯಾಹ್ನ ಹೋಳಿಗೆ ಉಂಡು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಗೊರೇಬಾಳದಿಂದ ಕಾಕಾ, ಜವಳಗೇರಾದಿಂದ ಗಿರಿಜಾಳ ಅಣ್ಣಂದಿರು, ಅವರ ಹೆಂಡಂದಿರು. ನನಗೆ ತೋರಿಸುವ ಚಪಲ. ತುಂಡು ವೈರು ಹಚ್ಚಲು ಬಗ್ಗಿದಾಗ ಗಿರಿಜಾ ಅಂದಳು, "ಇವತ್ತೇನ್ರಿ ಲೈಟು ಇಷ್ಟ ಬೆಳ್ಳಗ ಉರಿಯಾಕತ್ತೈತಿ?"

"ಮಿಲ್ಲೆಲ್ಲಾ ಪೂಜಿಗೆ ಬಂದ್ ಮಾಡ್ಯಾರವ್ವಾ. ಕರೆಂಟು ಪೂರಾ ನಮಗ," ಎಂದ ಕಾಕಾ.

ನಾನು ಕೇಳಿದೆ. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ — ಕಿವಿಗೆ ಬಿತ್ತು, ತಲೆಗೂ ಹೋಯಿತು, ಅರೆಗಳಿಗೆ ಕೈ ತಡೆಯಿತು ಕೂಡ. ಆದರೆ ಎಲ್ಲರೂ ನೋಡುತ್ತಿದ್ದರು. ಡಬ್ಬಿ ಹುಡುಕಿ ತರುವುದೆಂದರೆ ಹತ್ತು ದಿನದ ಜಾಣತನ ಬಯಲಾಗುವುದು. ಸ್ವಿಚ್ಚು ಒತ್ತಿದೆ.

ಹಾಡು ಬರಲಿಲ್ಲ. ಒಳಗೆ ಚಟ್ ಎಂದಿತು. ವಾಸನೆ. ಸೀಳುಗಳಿಂದ ಹೊಗೆ, ಆ ವಿಭೂತಿಯ ಮೂರು ಗೆರೆಗಳ ಪಕ್ಕದಿಂದಲೇ. ಎಲ್ಲರ ಕಣ್ಣು ನನ್ನ ಮೇಲೆ ಬಿದ್ದದ್ದು ಅರಿವಾಯಿತು. ಆಗ ನನ್ನ ಬಾಯಿಂದ ಬಂದ ಮಾತು ಇದು. ಒಂದಕ್ಷರ ಬಿಡದೆ ಬರೆಯುತ್ತೇನೆ.

"ಅಕ್ಕಾ, ವಿಭೂತಿ ಹಚ್ಚಿ ಸುಟ್ಟುಬಿಟ್ಟೆಲ್ಲ! ನಿನ್ನ ಕೈ ಬಿದ್ದದ್ದು ಯಾವುದು ಉಳದೈತಿ ಹೇಳು!"

ಬಸ್ಸಿನಲ್ಲಿ ಅಳುತ್ತ ನನ್ನೊಬ್ಬನಿಗೇ ಹೇಳಿಕೊಂಡಿದ್ದಳಲ್ಲ, ಅದನ್ನೇ ತಿರುಗಿಸಿ ಅವಳಿಗೆ ಹೊಡೆದೆ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ತನ್ನ ಅಂಗೈ ನೋಡಿಕೊಂಡಳು, ಬೆರಳಿಗೆ ಇನ್ನೂ ವಿಭೂತಿ ಮೆತ್ತಿತ್ತು. ಅಷ್ಟು ಹೊತ್ತಿನಲ್ಲಿ ನಾನು ತುಂಡು ವೈರನ್ನು ಕಿತ್ತು ಜುಬ್ಬಾದ ಕಿಸೆಗೆ ಸೇರಿಸಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಸಿಟ್ಟಿನಲ್ಲಿ ಬಂದ ಮಾತು ಎನ್ನಬಹುದಿತ್ತೇನೋ. ನಿಲ್ಲಲಿಲ್ಲ. ಮರುವಾರ ಲಿಂಗಸುಗೂರಿಗೆ ಒಯ್ದೆ. ಹುಸೇನಸಾಬರು ಮುಚ್ಚಳ ಬಿಚ್ಚಿ, ಕರಕಲಾದ ಟ್ರಾನ್ಸ್‌ಫಾರ್ಮರನ್ನು ಮೂಸಿ ನೋಡಿ, ನನ್ನ ಮುಖ ನೋಡಿದರು.

"ಡಬ್ಬಿ ಹಾಕಿದ್ರೇನ್ರಿ?"

"ಹಾಕಿದ್ದೆ. ವಿಭೂತಿ ಒಳಗ ಹೋಗಿ —"

"ವಿಭೂತಿಗೆ ಇದು ಸುಡಂಗಿಲ್ಲ ಸಾವ್ಕಾರ್ರ. ಒಳಗ ಒಂದ್ ಕಣ ಪುಡಿ ಇಲ್ಲ, ನೋಡ್ರಿ. ಇದು ಕರೆಂಟಿಂದು." ಮುಚ್ಚಳ ಮತ್ತೆ ಮುಚ್ಚಿದರು. ಅಂಥ ಪಾರ್ಟು ಇಲ್ಲಿ ಸಿಗುವುದಿಲ್ಲ, ರಿಪೇರಿ ಆಗುವುದಿಲ್ಲ ಎಂದರು.

ಮನೆಗೆ ಬಂದು ನಾನು ಹೇಳಿದ್ದೇನು? "ವಿಭೂತಿ ಒಳಗ ಹೋಗಿ ಕುಂತೈತಂತ, ಹುಸೇನಸಾಬ್ರ ಹೇಳಿದ್ರು." ಆ ಪ್ರಾಮಾಣಿಕ ಮನುಷ್ಯನ ಬಾಯಲ್ಲೂ ನನ್ನ ಸುಳ್ಳನ್ನು ತುರುಕಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಹೌದೇನು," ಎಂದಳು.

ಆಮೇಲೆ ಅವಳು ಮಿಕ್ಸರು ಮುಟ್ಟಲಿಲ್ಲ, ಖಾರವನ್ನು ಒಳಕಲ್ಲಿನಲ್ಲೇ ರುಬ್ಬುತ್ತಿದ್ದಳು. ಹೊಸ ಸೀರೆಯ ಗಂಟು ಬಂದರೆ ದೂರದಿಂದಲೇ ನೋಡುತ್ತಿದ್ದಳು. ದೀಪಾವಳಿಗೆ, "ಪೂಜಿ ಗಿರಿಜಾ ಮಾಡ್ಲಿ," ಎಂದಳು. ನಾನು ಬೇರೆ ಪ್ಲೇಯರು ತಂದು — ಸಿಂಧನೂರಿನದೇ, ದೀಪ ಕುಣಿಯುವಂಥದ್ದು — ಟೇಪು ಮುಂದಿಟ್ಟು, "ಪದ ಹಾಡಕ್ಕಾ," ಅಂದೆ. "ನೆನಪಿಲ್ಲೋ ತಮ್ಮಾ," ಎಂದಳು. ಸುಳ್ಳು, ಹಿಂದಿನ ದಿನವೇ ಹಿತ್ತಲಲ್ಲಿ ಗುನುಗುತ್ತಿದ್ದುದನ್ನು ಕೇಳಿದ್ದೆ. ಒಂದು ಪದವೂ ಯಾವ ತಟ್ಟೆಗೂ ಹತ್ತಲಿಲ್ಲ. ಶಿವರಾತ್ರಿಯ ಹೊತ್ತಿಗೆ ಮಗಳ ಬಾಣಂತನ ಎಂದು ಮಸ್ಕಿಗೆ ಹೋದವಳು, ತಿರುಗಿ ಬರಲಿಲ್ಲ. ಹಬ್ಬಕ್ಕೆ ಕರೆಯಲು ಹೋದರೆ ಏನಾದರೊಂದು ನೆಪ. ಹೋಗಿ ಹೇಳಿಬಿಡಬೇಕು, ಈ ಸಲ ಹೇಳಿಬಿಡಬೇಕು — ಮಸ್ಕಿಯ ಬಸ್ಸಿನಲ್ಲಿ ಎಷ್ಟು ಸಲ ಈ ಮಾತನ್ನು ಬಾಯಿಪಾಠ ಮಾಡಿದ್ದೇನೋ! ಅಲ್ಲಿ ಇಳಿದು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ವಾಪಸ್ಸು ಬರುತ್ತಿದ್ದೆ. ಹೇಡಿ.

ಕಳೆದ ತಿಂಗಳು ಮತ್ತೆ ಹೋಗಿದ್ದೆ. ಸಿಂಧನೂರಿನಿಂದ ಗಿರಿಜಾ ಫೋನು ಮಾಡಿದಳು, ಅಕ್ಕನಿಗೆ ಕೊಡಿ ಎಂದಳು. ಶಾಂತಾಳ ಮಗಳು ಮೊಬೈಲು ಚಾಚಿದರೆ ಅಕ್ಕ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನೀನ ಹಿಡಿಯವ್ವಾ. ನನ್ನ ಕೈ ಮಷೀನಿಗೆ ಆಗಿಬರಂಗಿಲ್ಲ."

"ನಮ್ಮ ಅಜ್ಜಿ ಸಿಡಿ ಸುಟ್ಟಾಕಿ ಅಲ್ಲ!" ಎಂದು ಆ ಹುಡುಗಿ ನಕ್ಕಳು. ಆ ದಸರಾದಂದು ಅವಳಿನ್ನೂ ಹುಟ್ಟಿರಲಿಲ್ಲ.

ಅಲ್ಲೇ ಹೇಳಿದೆ. ಫೋನಿನಲ್ಲಿ ಗಿರಿಜಾ ಕೇಳುತ್ತಿರುವಾಗಲೇ, ಶಾಂತಾ, ಅಳಿಯ ಎಲ್ಲರೂ ಇರುವಾಗಲೇ. ಮಿಲ್ಲು, ಡಬ್ಬಿ, ತುಂಡು ವೈರು, ಹುಸೇನಸಾಬರು ನಿಜವಾಗಿ ಅಂದದ್ದು — ಯಾವುದನ್ನೂ ಬಿಡಲಿಲ್ಲ. ಶಾಂತಾ ಎದ್ದು ಒಳಗೆ ಹೋದಳು. ಅಕ್ಕ ಕಣ್ಣು ಕಿರಿದು ಮಾಡಿಕೊಂಡು, ಕಿವಿ ಕೇಳಿಸದವಳಂತೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ವಿಭೂತಿ ಒಳಗ ಹೋಗಿದ್ದಿಲ್ಲಾ?"

"ಇಲ್ಲಕ್ಕಾ. ಒಂದ್ ಕಣಾನೂ ಇಲ್ಲ."

ಅವಳು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಎಲ್ಲೋ ಇಟ್ಟು ಮರೆತದ್ದನ್ನು ಹುಡುಕುವವಳಂತೆ ಕೇಳಿದಳು.

"ಹಂಗಾರ ನಾ ಯಾಕ ಮನಿ ಬಿಟ್ಟೆ, ತಮ್ಮಾ?"

ನಿಜಕ್ಕೂ ನನ್ನನ್ನೇ ಕೇಳುತ್ತಿದ್ದಳು.