ಟಕ್ಕೆಂದ ಮೇಲೂ ತಿರುಗಿಸಿದ ಕಿವಿ ಮೇಸ್ತ್ರಿ

ಗಂಡನನ್ನು ಬಿಟ್ಟು ನನ್ನ ಮನೆಗೆ ಬಂದುಬಿಡುತ್ತೇನೆ ಎಂದು ಅಕ್ಕ ಹೇಳಿದ ವಾರವೇ ಆ ಕಪ್ಪು ಕಾರು ನಾನೂ ಭಾವನೂ ಗಾಡಿ ರಿಪೇರಿ ಮಾಡುವ ಶೆಡ್ಡಿಗೆ ಬಂತು. ಎರಡರಲ್ಲಿ ಯಾವುದು ದೊಡ್ಡ ಕಂಟಕವೆಂದು ಆಗ ಯಾರಾದರೂ ಕೇಳಿದ್ದರೆ ಅಕ್ಕನ ಕಡೆಗೇ ಬೆರಳು ತೋರಿಸುತ್ತಿದ್ದೆ. ನನ್ನ ಮನೆಯೆಂದರೆ ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ. ಮಂಚದ ಮೇಲೆ ಕೂತು ಕೈಚಾಚಿದರೆ ಒಲೆ ಸಿಗುತ್ತದೆ. ಅಕ್ಕ ಬಂದರೆ ಮೊದಲು ನನ್ನ ಡಬ್ಬಿಗಳನ್ನೆಲ್ಲ ತೊಳೆದು ಜಾಗ ಬದಲಿಸುತ್ತಾಳೆ, ಆಮೇಲೆ ನನ್ನನ್ನು. ಹಾಗಾಗಿ ಆ ಸಂಸಾರ ಉಳಿಯಬೇಕೆಂಬ ಆಸೆ ಗಂಡಹೆಂಡಿರಿಗಿಂತ ನನಗೇ ಹೆಚ್ಚಾಗಿತ್ತು.

ಅಕ್ಕನ ದೂರು ಒಂದೇ. "ಆ ಮನುಷ್ಯನಿಗೆ ನಾನು ಬೇಡವಾಗಿದ್ದೀನಿ ಕಣೇ. ಮಾತಾಡಿದ್ರೆ ಉತ್ತರ ಇಲ್ಲ. ಗೋಡೆಗೆ ಹೇಳಿದ್ರೆ ಸುಣ್ಣನಾದ್ರೂ ಉದುರುತ್ತೆ."

ಇದಕ್ಕೆ ಅವಳ ಬಳಿ ಒಂದು ಸಾಕ್ಷಿಯೂ ಇತ್ತು. ಕೆಲವು ತಿಂಗಳ ಹಿಂದೆ ಅವಳ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತ್ತು. ಭಾವ ಗಾಬರಿಯಾಗುತ್ತಾರೆಂದು ಹೇಳದೆ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ನೋಡಿದ್ದೂ ಆಯಿತು, ಕೊನೆಗೆ ಹೆದರುವಂಥದ್ದೇನೂ ಇಲ್ಲ ಎಂದರು. ಮನೆಗೆ ಓಡಿಬಂದು, ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಗಂಡನ ಬೆನ್ನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಭಾವ ತಿರುಗಿ ನೋಡಿ, "ಸೋಪು ಮುಗ್ದಿದೆ," ಎಂದರು. ಅವತ್ತಿನಿಂದ ಅಕ್ಕ ಮುಖ್ಯವಾದ ಮಾತು ಯಾವುದನ್ನೂ ಅವರಿಗೆ ಹೇಳಿಲ್ಲ. ಬೆನ್ನ ಹಿಂದೆ ಬೈಯುವುದನ್ನು ಮಾತ್ರ ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದಳು. ಅದನ್ನು ಕೇಳಿ ನನಗೂ ಭಾವನ ಮೇಲೆ ಪಿತ್ತ ನೆತ್ತಿಗೇರಿತ್ತು.

ಭಾವನ ಪರಿಚಯ ಹೇಳಬೇಕು. ನಮ್ಮ ಬೀದಿಯಲ್ಲಿ ಅವರ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ಕಿವಿ ಮೇಸ್ತ್ರಿ. ಪ್ರಾಯದಲ್ಲಿ, ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಶೆಡ್ಡಿನೊಳಗೆ ಕೂತು ಅದರ ಜಾತಕ ಹೇಳುತ್ತಿದ್ದರಂತೆ. ಈ 'ಅಂತೆ'ಗಳನ್ನೆಲ್ಲ ಹಬ್ಬಿಸಿದವರು ಅವರೇ. "ಎಂಜಿನ್ನು ಊರಿಗೆಲ್ಲ ಸುಳ್ಳು ಹೇಳ್ಬಹುದು, ನನ್ನ ಹತ್ರ ಬಾಯಿ ಬಿಡ್ಲೇಬೇಕು," ಎಂದು ಟೀ ಕುಡಿಯುವಾಗಲೆಲ್ಲ ಹೇಳುತ್ತಾರೆ. ಅರ್ಧ ಸಲ ಅವರ ಊಹೆ ಸರಿಯಿರುತ್ತದೆ. ಉಳಿದರ್ಧವನ್ನು ನಾನು ಸ್ಕ್ಯಾನರ್ ಹಿಡಿದು ಸರಿಮಾಡುತ್ತೇನೆ. ವೈರಿಂಗು, ಸ್ಕ್ಯಾನರು, ಬ್ಯಾಟರಿ ನನ್ನದು. ಬೋಲ್ಟು, ನಟ್ಟು, ಬಡಾಯಿ ಅವರದು. ಅವರು ನನ್ನನ್ನು ಕರೆಯುವುದೇ ಕರೆಂಟಮ್ಮ ಎಂದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ ಎಂಬುದು ಶೆಡ್ಡಿನ ನಿಯಮ.

ಕಪ್ಪು ಕಾರು ಹಾಸಿಗೆ ಅಂಗಡಿಯವರದು. ಊರಿಗೆಲ್ಲ ನಿದ್ದೆ ಮಾರುವ ಈ ಮನುಷ್ಯ ತಾನು ಮಾತ್ರ ಸದಾ ಕಣ್ಣು ಕೆಂಪಗೆ ಮಾಡಿಕೊಂಡಿರುತ್ತಾನೆ. ಕಾರಿನ ಸೀಟುಗಳು ತಾವಾಗಿಯೇ ಬೆನ್ನು ಒತ್ತುತ್ತವೆ; ಬಾಗಿಲು ಮುಚ್ಚಿದರೆ ನಮ್ಮ ಬೀದಿಯ ಗದ್ದಲವೇ ಇಲ್ಲವಾಗುತ್ತದೆ. ಆದರೆ ಅಂಥ ಕಾರು ಏರು ಕಂಡರೆ ಏದುಸಿರು ಬಿಡುತ್ತಿತ್ತು, ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು, ಎದುರಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡು ಆರುತ್ತಲೇ ಇರಲಿಲ್ಲ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಸದ್ಯಕ್ಕೆ ಸರದಿ ಸಿಗುವಂತಿರಲಿಲ್ಲ. ಶನಿವಾರ ಹಾಸಿಗೆ ವ್ಯಾಪಾರಿಗಳ ಸಭೆ.

"ಅಲ್ಲಿಗೆ ನಾನು ಆಟೋದಲ್ಲಿ ಹೋಗಿ ಇಳಿದ್ರೆ ದಿಂಬಿನವರು ನಗ್ತಾರೆ ಮೇಸ್ತ್ರಿ," ಎಂದರು ಅವರು.

ಭಾವ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಹಳೆಯ ಮೇಸ್ತ್ರಿಗಳೆಲ್ಲ ಹಾಗೆ ಆಲಿಸುತ್ತಾರೆ. ಈಚೆಗೆ ಭಾವ ಅದಿಲ್ಲದೆ ಬಾನೆಟ್ಟಿನ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಗಿರಾಕಿಗಳ ಮುಂದೆ ಡಾಕ್ಟರ ವೇಷ ಹಾಕುತ್ತಿದ್ದಾರೆ ಎಂದುಕೊಂಡು ನಾನು ಮೂಗು ಮುರಿಯುತ್ತಿದ್ದೆ.

"ಪೆಟ್ರೋಲು ಕಲಬೆರಕೆ," ಎಂದು ತೀರ್ಪು ಕೊಟ್ಟರು.

ಸ್ಕ್ಯಾನರ್ ಬೇರೆಯೇ ಹೇಳಿತು. ನಾಕ್ ಸೆನ್ಸರಿನ ದೋಷ. ನಾಣ್ಯಕ್ಕಿಂತ ತುಸು ದೊಡ್ಡದಾದ, ನಡುವೆ ತೂತಿರುವ ಬಿಲ್ಲೆ ಅದು. ಎಂಜಿನ್ನಿನ ಮೈಗೆ ಒಂದೇ ಬೋಲ್ಟಿನಿಂದ ಕಚ್ಚಿಕೊಂಡು ಒಳಗಿನ ಬಡಿತ ಆಲಿಸುತ್ತಿರುತ್ತದೆ. ಕೆಟ್ಟ ಬಡಿತ ಕೇಳಿಸಿದರೆ ಕಾರಿನ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ, ಕಂಪ್ಯೂಟರು ಎಂಜಿನ್ನಿನ ಬಿರುಸು ತಗ್ಗಿಸುತ್ತದೆ. ಸೆನ್ಸರು ಸತ್ತರೆ ಕಂಪ್ಯೂಟರು ಹೆದರಿಕೊಂಡು ಎಂಜಿನ್ನಿಗೆ ಅರ್ಧ ಶಕ್ತಿಯನ್ನೇ ಬಳಸಲು ಬಿಡುತ್ತದೆ. ಇಲಿ ವೈರು ಕಡಿದಿರಬಹುದೆಂದು ಮೊದಲು ತಂತಿಗಳನ್ನು ತುದಿಯಿಂದ ತುದಿಗೆ ಅಳೆದೆ, ಸರಿಯಿದ್ದವು. ಆಮೇಲೆ ಭಾವ ಸರಳೊಂದನ್ನು ಸೆನ್ಸರಿನ ಪಕ್ಕಕ್ಕೆ ಇಳಿಸಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. ತಟ್ಟಿದಾಗಲೆಲ್ಲ ಸ್ಕ್ಯಾನರಿನ ಗೆರೆ ನೆಗೆಯಬೇಕಿತ್ತು. ಅದು ಮಲಗೇ ಇತ್ತು. ನಾನು ಇಲ್ಲವೆಂದು ತಲೆಯಾಡಿಸಿದೆ. ಭಾವ ನನ್ನ ಮುಖವನ್ನೇ ನೋಡುತ್ತಿದ್ದವರು, "ನಾನು ಹೇಳ್ಲಿಲ್ವಾ, ಸೆನ್ಸರೇ ಹೋಗಿದೆ ಅಂತ," ಎಂದು ಹಾಸಿಗೆಯವರ ಕಡೆ ತಿರುಗಿದರು.

ಬಿಡಿಭಾಗದ ಅಂಗಡಿಯಿಂದ ಹೊಸ ಸೆನ್ಸರು ಬಂತು. ಎಂಜಿನ್ನಿನ ಮೇಲಿನ ಗಾಳಿಕೊಳವೆಗಳನ್ನೆಲ್ಲ ಬಿಚ್ಚಿ, ಕೈಯೊಂದೇ ತೂರುವ ಸಂದಿಯಲ್ಲಿ ಭಾವ ಅದನ್ನು ಕೂರಿಸಿದರು. ಈ ಬೋಲ್ಟನ್ನು ಮನಸ್ಸಿಗೆ ಬಂದಂತೆ ಬಿಗಿಯುವ ಹಾಗಿಲ್ಲ. ಸಡಿಲ ಬಿಟ್ಟರೆ ಸೆನ್ಸರಿಗೆ ಏನೂ ಕೇಳಿಸದು, ಅತಿಯಾಗಿ ಬಿಗಿದರೆ ಕೇಳಿಸಿದ್ದೆಲ್ಲ ಕೆಟ್ಟ ಬಡಿತವೇ. ಅದಕ್ಕಾಗಿ ಟಾರ್ಕ್ ರೆಂಚ್ ಇದೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಅದರ ಹಿಡಿಯನ್ನು ತಿರುಗಿಸಿಟ್ಟರೆ, ಅಷ್ಟಾದ ಕೂಡಲೇ ಟಕ್ ಎನ್ನುತ್ತದೆ. ಆಗ ನಿಲ್ಲಿಸಬೇಕು. ಕಡಿಮೆ ಬಿಗಿಗೆ ಇಟ್ಟಾಗ ಆ ಪೆಟ್ಟು ಕೈಗೆ ಅಷ್ಟಾಗಿ ತಿಳಿಯದು, ಕಿವಿಯನ್ನೇ ನಂಬಬೇಕು. ನಾನು ಹಿಂದೆ ವೈರು ಸುತ್ತುತ್ತಾ ಕೂತಿದ್ದೆ. ಟಕ್ ಎಂದಿತು. ಮತ್ತೆ ಟಕ್ ಎಂದಿತು. ಇನ್ನೊಮ್ಮೆಯೂ ಎಂದಿತು. ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಸುಮ್ಮನಾದೆ.

ಸಂಜೆ ಓಡಿಸಿ ನೋಡಿದರೆ ಕಾರು ಮೊದಲಿಗಿಂತ ಕಡೆ. ಸ್ಕ್ಯಾನರಿನ ಗೆರೆ ಈಗ ಕುಣಿಯುತ್ತಿತ್ತು, ಆದರೆ ಎಂಜಿನ್ ಕೆಮ್ಮಿದರೂ ಸೀನಿದರೂ ಕುಣಿಯುತ್ತಿತ್ತು. ಹಳದಿ ದೀಪವೂ ಮರಳಿ ಬಂತು. ಭಾವ ಬಿಡಿಭಾಗದ ಅಂಗಡಿಯವನಿಗೆ ಫೋನು ಮಾಡಿ, "ಡೂಪ್ಲಿಕೇಟ್ ಮಾಲು ಕೊಡ್ತೀಯಾ ನನಗೆ?" ಎಂದು ಗುಡುಗಿದರು. ಅವನು ಆ ಕಡೆಯಿಂದ ಅಸಲಿ ಮಾಲೆಂದು ಆಣೆ ಇಡುತ್ತಿದ್ದದ್ದು ದೂರದಲ್ಲಿದ್ದ ನನಗೇ ಕೇಳಿಸುತ್ತಿತ್ತು. ಭಾವ ಅದಕ್ಕೆ ಉತ್ತರವನ್ನೇ ಕೊಡದೆ ತಮ್ಮ ಮಂಗಳಾರತಿ ಮುಗಿಸಿ ಫೋನಿಟ್ಟರು. ಈ ಮನುಷ್ಯ ಎದುರಿನವರ ಮಾತು ಕೇಳಿಸಿಕೊಳ್ಳುವುದೇ ಇಲ್ಲವಲ್ಲ ಎಂದು ಬೈದುಕೊಳ್ಳುವಷ್ಟರಲ್ಲಿ ಆ ಟಕ್ಕುಗಳು ನೆನಪಾದವು. ಸೋಪು ನೆನಪಾಯಿತು. ಸ್ಕ್ರೂಡ್ರೈವರು ನೆನಪಾಯಿತು.

ಪರೀಕ್ಷೆ ಮಾಡಿಯೇಬಿಡೋಣವೆಂದು ಅವರ ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, "ಭಾವ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ," ಎಂದೆ.

ಅವರು ಬಟ್ಟೆಯ ತುಂಡಿನಿಂದ ರೆಂಚ್ ಒರೆಸುತ್ತಲೇ ಇದ್ದರು.

"ಭಾವ, ಕಾರಿನ ಕೆಳಗೆ ಹುಲಿ ಮಲಗಿದೆ."

ಒರೆಸಿದ ರೆಂಚನ್ನು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಊರಿಗೆಲ್ಲ ಕಿವಿ ಮೇಸ್ತ್ರಿಯಾದ ಈ ಮನುಷ್ಯ ಇಷ್ಟು ದಿನ ನಮ್ಮ ಮುಖಗಳನ್ನೇ ಓದಿಕೊಂಡು ಕಾಲ ಹಾಕಿದ್ದರು. ನಾವಿಬ್ಬರು ಅಕ್ಕತಂಗಿಯರು ಕೂತು ಅವರಿಗೆ ಕಲ್ಲುಮನಸ್ಸು ಎಂದು ಹೆಸರಿಟ್ಟಿದ್ದೆವು. ನಾಚಿಕೆಯಾಯಿತು.

ಈಗ ಹೇಳುವುದು ಹೇಗೆ? ಗುಟ್ಟಾಗಿ ಹೇಳೋಣವೆಂದರೆ ಅವರಿಗೆ ಕೇಳಿಸದು. ಅವರಿಗೆ ಕೇಳಿಸುವ ಹಾಗೆ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಹಾಗೆ ಬೀದಿಗೆ ಬಿದ್ದರೆ ಆ ಮನುಷ್ಯ ಮತ್ತೆ ಶೆಡ್ಡಿನ ಕಡೆ ತಲೆಹಾಕುವುದಿಲ್ಲ. ಹೇಳದಿದ್ದರೆ ಅಕ್ಕ ಗಂಟುಮೂಟೆ ಸಮೇತ ನನ್ನ ಕೋಣೆಗೆ. ಆ ರಾತ್ರಿ ಹೊರಳಾಡಿದ್ದೇ ಬಂತು.

ಬೆಳಿಗ್ಗೆ ಅಂಗಡಿಯವನು ಮುಖ ಊದಿಸಿಕೊಂಡು ಇನ್ನೊಂದು ಸೆನ್ಸರು ತಂದುಕೊಟ್ಟ. ಹಾಸಿಗೆಯವರು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ಭಾವ ಸಂದಿಯೊಳಗೆ ಕೈ ಇಳಿಸಿ ಬೋಲ್ಟ್ ತಿರುಗಿಸತೊಡಗಿದಾಗ ನಾನು ನಿಯಮ ಮುರಿದು ಪಕ್ಕಕ್ಕೆ ಹೋಗಿ, ಟಾರ್ಚು ಹಿಡಿಯುವ ನೆಪದಲ್ಲಿ ಎರಡು ಬೆರಳನ್ನು ಅವರ ಮಣಿಕಟ್ಟಿನ ಮೇಲಿಟ್ಟೆ. ಅವರು ಹುಬ್ಬು ಗಂಟಿಕ್ಕಿದರು. ರೆಂಚು ಟಕ್ಕೆಂದಿತು. ಬೆರಳು ಒತ್ತಿದೆ.

ಅವರು ನಿಲ್ಲಿಸಿದರು. ರೆಂಚು ನೋಡಿದರು, ನನ್ನ ಬೆರಳು ನೋಡಿದರು, ಆಮೇಲೆ ನನ್ನ ಮುಖ. ಕಿವಿಯ ತುದಿಯವರೆಗೂ ಕೆಂಪಾಗಿದ್ದರು ಪಾಪ. ರೆಂಚು ಹೊರಗೆ ತೆಗೆದು ಬಹಳ ಹೊತ್ತು ಕೈ ಒರೆಸಿಕೊಂಡರು.

ಕಾರು ಶುರುವಾಯಿತು, ಗೆರೆ ಹದ್ದುಬಸ್ತಿನಲ್ಲಿತ್ತು, ಏರನ್ನು ಹತ್ತಿಳಿದು ಬಂದರೂ ದೀಪ ಮತ್ತೆ ಬರಲಿಲ್ಲ. ಹಾಸಿಗೆಯವರು ಬಿಡುವ ಆಸಾಮಿಯಲ್ಲ.

"ನಿನ್ನೆ ಹಾಕಿದ್ದಕ್ಕೆ ಏನಾಗಿತ್ತು ಮೇಸ್ತ್ರಿ? ಡೂಪ್ಲಿಕೇಟಾ?"

ಬಾಗಿಲಲ್ಲಿ ಅಂಗಡಿಯವನು ನಿಂತಿದ್ದ. ಹೌದೆಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಭಾವ ಅವನನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

"ಅವನ ಮಾಲು ಸರಿ ಇತ್ತು. ನಾನೇ ಜಾಸ್ತಿ ಬಿಗಿದೆ. ಟಕ್ ಅಂದಿದ್ದು ನನಗೆ ಕೇಳಿಸ್ಲಿಲ್ಲ."

"ಈ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತೆ ಬಿಡಿ," ಎಂದು ಹಾಸಿಗೆಯವರು ಬೆನ್ನು ಒತ್ತಿಸಿಕೊಳ್ಳುತ್ತಾ ದಿಂಬಿನವರ ಹೊಟ್ಟೆ ಉರಿಸಲು ಹೊರಟುಹೋದರು. ಅಂಗಡಿಯವನ ಮುಖದ ಊತ ಇಳಿದಿತ್ತು.

ಶೆಡ್ಡಿನ ಬಾಗಿಲು ಎಳೆಯುವಾಗ ಭಾವ ನನ್ನ ಕಡೆ ನೋಡದೆ ಕೇಳಿದರು. "ನಿಮ್ಮಕ್ಕನಿಗೆ ಗೊತ್ತಾ?"

ಅವರ ಮುಂದೆ ಹೋಗಿ ನಿಂತು, ಇಲ್ಲವೆಂದು ತಲೆಯಾಡಿಸಿದೆ. "ಬನ್ನಿ, ಮನೆಗೆ ಹೋಗೋಣ," ಎಂದೆ.

ಮನೆ ಬಾಗಿಲಲ್ಲೇ ಅಕ್ಕನ ಚೀಲ ಕಾದು ಕೂತಿತ್ತು. ಅಕ್ಕ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ನಮ್ಮ ಹೆಜ್ಜೆ ಕೇಳಿ, ತಿರುಗದೆಯೇ ಹೇಳಿದಳು. "ಊಟ ಮುಚ್ಚಿಟ್ಟಿದ್ದೀನಿ. ನಾಳೆಯಿಂದ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ."

ಬೇರೆ ದಿನವಾಗಿದ್ದರೆ ಭಾವ ಹೂಂ ಎಂದು ಅಂಗಿ ಬಿಚ್ಚಲು ಹೋಗುತ್ತಿದ್ದರು. ಅವತ್ತು ಹೋಗಿ ನಲ್ಲಿ ನಿಲ್ಲಿಸಿದರು.

"ಈ ಕಡೆ ತಿರುಗಿ ಹೇಳು. ನನಗೆ ಕಿವಿ ಕೇಳಿಸಲ್ಲ."

ಅಕ್ಕ ತಿರುಗಿದಳು. ನಾಟಕವಿರಬೇಕೆಂದು ನನ್ನ ಮುಖ ನೋಡಿದಳು. ನಾನು ಹೌದೆಂದೆ.

"ಯಾವಾಗಿಂದ?"

"ಗೊತ್ತಿಲ್ಲ. ನಿಧಾನಕ್ಕೆ ಹೋಯ್ತು. ಕಿವಿ ಮೇಸ್ತ್ರಿಗೆ ಕಿವುಡು ಅಂದ್ರೆ ಜನ ನಗಲ್ವಾ?"

ಅಕ್ಕ ಸೋಪಿನ ಕೈಯಲ್ಲೇ ಸ್ಟೂಲಿನ ಮೇಲೆ ಕುಸಿದಳು. "ಅಂದ್ರೆ ಇಷ್ಟು ದಿನ ನಾನು ಬೈದಿದ್ದೆಲ್ಲ ದಂಡವಾ?"

"ಬೈದ್ಯಾ? ಯಾವಾಗ?"

ಅಕ್ಕನಿಗೆ ನಗು ಬಂತು. ನನಗೂ ಬಂತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ತಟ್ಟನೆ ನಿಲ್ಲಿಸಿ, "ಅವತ್ತು ಆಸ್ಪತ್ರೆಯಿಂದ ಬಂದು ಹೇಳಿದ್ದು?" ಎಂದಳು.

"ಯಾವ ಆಸ್ಪತ್ರೆ?"

ಅವರ ಮುಖ ನೋಡಿ ಅಕ್ಕನ ಕಣ್ಣು ತುಂಬಿತು. ಒದ್ದೆ ಕೈಯಿಂದ ಅವರ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಎದೇಲಿ ಗಂಟು ಸಿಕ್ಕಿತ್ತು. ತೋರಿಸ್ಕೊಂಡು ಬಂದೆ. ಏನೂ ಇಲ್ಲ ಅಂದ್ರು."

ಭಾವನ ಗದ್ದಕ್ಕೆ ನೊರೆ ಮೆತ್ತಿತ್ತು. ಅದನ್ನು ಒರೆಸಿಕೊಳ್ಳದೆ ಅವಳ ತುಟಿಯನ್ನೇ ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳು."

"ಏನೂ ಇಲ್ಲ ಅಂದ್ರು."

"ಇನ್ನೊಂದ್ಸಲ."

ಮೊದಲನೆಯ ಸಲವೇ ಅವರಿಗೆ ಅರ್ಥವಾಗಿತ್ತೆಂಬುದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ನಾನು ಬಾಗಿಲಲ್ಲಿದ್ದ ಚೀಲವನ್ನು ಒಳಗಿಟ್ಟು ಚಪ್ಪಲಿ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗಲೂ ಅಕ್ಕ ಹೇಳುತ್ತಲೇ ಇದ್ದಳು.