ಕೆರೆ ಏರಿಯ ಸಾವಧಾನ್

ಮೊನ್ನೆ ಮಗಳ ಎನ್‌ಸಿಸಿ ಶರಟಿಗೆ ಇಸ್ತ್ರಿ ಹಾಕುತ್ತಿದ್ದೆ. ಗಂಜಿ ಹಾಕಿ ಒಣಗಿಸಿದ ಖಾಕಿ. ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ್ದೇ ತಡ, ಆ ಬಿಸಿ ಹಬೆಯ ವಾಸನೆ ಮೂಗಿಗೆ ಬಂತು... ಭರಮಸಾಗರದ ಕೆರೆ ಏರಿ, ಶನಿವಾರದ ಬೆಳಗು, ನಮ್ಮ ಹವಾಲ್ದಾರ್ ಸಾಹೇಬರು.

ಅವರು ದುರ್ಗದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಫಿರಂಗಿ ದಳದಲ್ಲಿದ್ದು ಆಮೇಲೆ ಶಾಲೆಗಳಿಗೆ ಕವಾಯತು ಕಲಿಸಲು ಬಂದವರು. ಪ್ಯಾಂಟಿನ ಗೆರೆ ಮುರಿಯಬಾರದೆಂದು ಬಸ್ಸಿನಲ್ಲಿ ನಿಂತೇ ಬರುತ್ತಿದ್ದರಂತೆ. ನೆಟ್ಟಗೆ ನಿಲ್ಲಿಸುವ ಆ ‘ಸಾವಧಾನ್’ ಅವರು ಒಮ್ಮೆ ಕೂಗಿದರೆ ನಾವಿರಲಿ, ಏರಿಯ ಕೆಳಗೆ ಮೇಯುತ್ತಿದ್ದ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ಮೂವತ್ತು ಹುಡುಗಿಯರಲ್ಲಿ ಒಬ್ಬಳ ಹಿಮ್ಮಡಿ ತಡವಾದರೂ ನೇರ ಅವಳ ಮುಂದೆ ಬಂದು ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ, ಆ ಕಾಲನ್ನೇ ನೋಡುತ್ತಿದ್ದರು. ಬೈಸಿಕೊಳ್ಳುವುದೇ ವಾಸಿ ಅನ್ನಿಸುತ್ತಿತ್ತು. ಸಾಲಿನಲ್ಲಿ ಮಾತಾಡುವಂತಿರಲಿಲ್ಲವಾದ್ದರಿಂದ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ಆಗಸ್ಟ್ ಹದಿನೈದಕ್ಕೆ ತುಕಡಿಯ ಮುಂದೆ ನಿಂತು ಕಮಾಂಡ್ ಕೊಡುವ ಆಸೆ ನನಗೆ ಹತ್ತಿತು. ಆಸೆಯೇನೋ ಆನೆಯಷ್ಟು, ದನಿ ಗುಬ್ಬಿಯಷ್ಟು. ಅಜ್ಜಿ ಚಿಕ್ಕಂದಿನಿಂದ ಹೇಳಿಕೊಟ್ಟದ್ದೂ ಅದನ್ನೇ: “ಹೆಣ್ಮಕ್ಳ ದನಿ ಹೊಸ್ಲು ದಾಟಬಾರ್ದು ಕಣೇ.”

ಸಾಹೇಬರ ಪರೀಕ್ಷೆ ಸರಳವಾಗಿತ್ತು. ತುಕಡಿ ತೂಬಿನ ಹತ್ತಿರ ಕಣ್ಣು ಮುಚ್ಚಿ ನಿಲ್ಲಬೇಕು. ಕಮಾಂಡ್ ಕೊಡುವವಳು ಏರಿಯ ಇನ್ನೊಂದು ತುದಿಯ ಹುಣಸೆಮರದ ಕೆಳಗೆ. ಕೇಳಿಸಿದವರು ಮಾತ್ರ ತಿರುಗಬೇಕು. ನಾನು ಮೊದಲ ಸಲ ಕೂಗಿದಾಗ ಮುಂದಿನ ಸಾಲಷ್ಟೇ ತಿರುಗಿತು, ಉಳಿದವರು ನಿಂತಲ್ಲೇ ನಿದ್ದೆ ಹೋದಂತಿದ್ದರು. ಸಾಹೇಬರು ಅಷ್ಟು ದೂರ ನಡೆದು ನನ್ನ ಹತ್ತಿರ ಬಂದರು.

“ಕಿರುಚಬ್ಯಾಡಮ್ಮ, ಗಂಟ್ಲು ಹೋಗ್ತೈತೆ. ಕುರಿ ಕಾಯೋರ ಮಗಳಲ್ಲೇನು ನೀನು? ನಿಮ್ಮಪ್ಪ ಕುರಿ ಹೆಂಗ್ ಕರೀತಾನೆ ನೋಡು. ಹಂಗೆ, ಹೊಟ್ಟೆಯಿಂದ ಕರಿ.”

ಅಂದಿನಿಂದ ಬೆಳಗ್ಗೆ ಬೆಳಗ್ಗೆ ಅಪ್ಪನ ಜೊತೆ ಹೊರಟೆ. ‘ದಾಹಿನೆ ಮುಡ್’ ಎಂದು ಬಲಕ್ಕೆ ತಿರುಗಲು ಹೇಳಿದರೆ ಏನು ಮಾಡಬೇಕೆಂದು ತಿಳಿಯದೆ ಕುರಿಗಳು ಅಪ್ಪನ ಮುಖ ನೋಡುತ್ತಿದ್ದವು. ಅಪ್ಪ ನಗುತ್ತಿದ್ದ.

ಕೊನೆಯ ಶನಿವಾರ ಹುಣಸೆಮರದ ಕೆಳಗೆ ನಿಂತು ಉಸಿರು ತುಂಬಿಕೊಂಡು ಕರೆದೆ. ಇಡೀ ತುಕಡಿ ಒಟ್ಟಿಗೆ ತಿರುಗಿತು. ನಾನು ಏರಿಯುದ್ದ ಓಡಿದೆ. ಸಾಹೇಬರು ಹಿಂದಿನ ಸಾಲಿನ ಕಡೆ ಬಗ್ಗಿ ನೋಡುತ್ತಿದ್ದರು. “ಕೇಳಿಸ್ತಾ ಸಾರ್?” ಎಂದೆ. ತಿರುಗಲಿಲ್ಲ. ಮತ್ತೆ ಕೇಳಿದೆ. ಇಲ್ಲ. ಎದುರಿಗೆ ಹೋಗಿ ನಿಂತಾಗ ನನ್ನ ತುಟಿ ನೋಡಿ ನಕ್ಕರು.

“ನಂಗೆಲ್ಲಿ ಕೇಳ್ತೈತಮ್ಮ? ಎರಡು ಕಿವೀನೂ ಫಿರಂಗಿ ತಿಂದಾಕೈತೆ. ಹಿಂದಿನ ಸಾಲಿನ ಕಾಲು ತಿರುಗಿದ್ವಲ್ಲ, ಅಲ್ಲಿ ಕಂಡೆ ನಿನ್ ದನೀನ.”

ಎಮ್ಮೆಗಳನ್ನೂ ತಲೆಯೆತ್ತಿಸುತ್ತಿದ್ದ ಆ ಮನುಷ್ಯರಿಗೆ ತಮ್ಮ ದನಿಯೇ ಕೇಳುತ್ತಿರಲಿಲ್ಲ! ಅಂಥವರು ನನಗೆ ದನಿ ಕೊಟ್ಟಿದ್ದರು. ಆಗಸ್ಟ್ ಹದಿನೈದರಂದು ನಾನು ಕಮಾಂಡ್ ಕೊಟ್ಟಾಗ ಊರೆಲ್ಲ ನನ್ನ ಮುಖ ನೋಡುತ್ತಿತ್ತು, ಅವರೊಬ್ಬರು ಮಾತ್ರ ಕಾಲುಗಳನ್ನು ನೋಡುತ್ತಿದ್ದರು. ಆಮೇಲೆ ಒಮ್ಮೆ ತಲೆದೂಗಿದರು.

ಹೋದ ವರ್ಷ ಅವರು ತಮ್ಮೂರು ಬಬ್ಬೂರಿನಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ಹಾಸಿಗೆ ಹಿಡಿದಿದ್ದರು. ಕಣ್ಣಿಗೂ ಪೊರೆ ಬಂದು ಎದುರಿನವರ ತುಟಿಯೂ ಕಾಣುತ್ತಿರಲಿಲ್ಲ. ದೊಡ್ಡವರ ಮನೆ, ಕಾಯಿಲೆಯ ಜೀವ ಎಂದು ಮಂಚದ ಪಕ್ಕ ಕೂತು ಮೆಲ್ಲಗೆ ಮಾತಾಡಿದೆ. “ಯಾರವ್ವಾ ನೀನು?” ಎಂದು ಮೂರು ಸಲ ಕೇಳಿದರು. ಮೂರು ಸಲವೂ ಮೆಲ್ಲಗೇ ಹೇಳಿದೆ... ಹಿರಿಯೂರಿನಲ್ಲಿ ಬಸ್ಸು ಹತ್ತಿದ ಮೇಲೆ ಬುದ್ಧಿ ಬಂತು. ಇನ್ನೊಮ್ಮೆ ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು.

ಮಗಳ ಶರಟು ಕೈಯಲ್ಲೇ ಇತ್ತು, ಇಸ್ತ್ರಿ ಪೆಟ್ಟಿಗೆ ತಣ್ಣಗಾಗಿತ್ತು. ಆ ಮಂಚದ ಪಕ್ಕ ಎದ್ದು ನಿಂತು ಒಂದೇ ಒಂದು ಸಲ ಹೊಟ್ಟೆಯಿಂದ ‘ಸಾವಧಾನ್’ ಎನ್ನಬೇಕಿತ್ತು; ಕಿವಿಗೆ ಕೇಳದಿದ್ದರೂ ಮಂಚದ ಅದುರಿನಲ್ಲಾದರೂ ಅವರಿಗೆ ತಿಳಿಯುತ್ತಿತ್ತೇನೋ. ಅವರು ಕೊಟ್ಟ ದನಿ ಅವರೆದುರಿಗೇ ಹೊಸ್ತಿಲು ದಾಟಲಿಲ್ಲ.